ಮಂಗಳವಾರದ ಗುಳಿಗೆ

ಕಳೆದ ತಿಂಗಳು ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯಲ್ಲಿ ಕುಳಿತು, ನಾದಿನಿಯ ಮಗಳ ಮದುವೆಗೆಂದು ಇಳಕಲ್ಲ ಸೀರೆ ಬಿಚ್ಚಿಸಿ ನೋಡುತ್ತಿದ್ದೆ. ಸಂಜೆಯ ಹೊತ್ತು. ಹಸಿರು ರುಮಾಲಿನ ಫಕೀರನೊಬ್ಬ ಲೋಬಾನದ ಹೊಗೆ ಹಾಕುತ್ತ ಅಂಗಡಿಯಿಂದ ಅಂಗಡಿಗೆ ಬರುತ್ತಿದ್ದ. ನವಿಲುಗರಿಯಿಂದ ಬೀಸಿದ ಮೊದಲ ಹೊಗೆ ಮೂಗಿಗೆ ಬಡಿದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಸೀರೆಯನ್ನು ಹಾಗೆಯೇ ಬಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಅಂಗಡಿಯವನು ಪಾಪ, "ಯಾಕ್ರಿ ಅಕ್ಕಾರ, ರೇಟ್ ಜಾಸ್ತಿ ಆತೇನ್ರಿ?" ಎಂದು ನೀರು ತಂದುಕೊಟ್ಟ. ರೇಟಿನ ಮಾತಲ್ಲ ಎಂದು ಹೇಳಲು ಹೋದರೆ ಗೋವೆಯ ಒಂದು ಇಡೀ ಮಳೆಗಾಲವನ್ನೇ ಹೇಳಬೇಕಾಗುತ್ತಿತ್ತು. ಹೌದು, ಜಾಸ್ತಿ ಆತು ಎಂದುಬಿಟ್ಟೆ.

ಅದು ಎರಡು ಸಾವಿರದ ಹನ್ನೊಂದರ ಮಳೆಗಾಲ. ನಾವು ಆಗ ಕೊರ್ಲಿಮ್‌ನಲ್ಲಿದ್ದೆವು, ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ, ಹೆಂಚಿನ ಬಾಡಿಗೆ ಮನೆಯಲ್ಲಿ. ನಾನು ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಗಾರರ ಹಾಜರಿ ನೋಡುತ್ತಿದ್ದೆ. ನನ್ನ ಗಂಡ ಮೌನೇಶ ವಾಸ್ಕೋ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಪಾಳಿ ಬದಲಾದಾಗಲೆಲ್ಲ ಅಲ್ಲಿಯೇ ಉಳಿದುಬಿಡುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ ನೀಲವ್ವ, ಮಾವ ಈರಣ್ಣ ಬಡಿಗೇರ. ಮಾವ ವಿಜಾಪುರದ ಕಡೆಯಿಂದ ಹರೆಯದಲ್ಲಿಯೇ ಗೋವೆಗೆ ಬಂದವರು. ಪಣಜಿಯ ಸುತ್ತಮುತ್ತ ಅವರ ಕೈಯ ಬಾಗಿಲು, ಕಿಟಕಿ ಇಲ್ಲದ ಊರು ಕಡಿಮೆ. ಮುಚ್ಚಿದ ಶೆಡ್ಡಿನಲ್ಲಿ ಗರಗಸದ ಯಂತ್ರದ ಮುಂದೆ ಮರದ ಹೊಟ್ಟು ಕುಡಿಯುತ್ತ ಜೀವ ತೇಯ್ದವರು. ಆ ದೂಳೇ ರೋಗಕ್ಕೆ ಮೂಲವಿರಬಹುದೆಂದು ಡಾಕ್ಟರು ಆಮೇಲೆ ಹೇಳಿದರು. ಆಗ ಹೇಳಿ ಏನು ಬಂತು.

ಮೊದಲು ಒಂದು ಕಡೆಯ ಮೂಗು ಕಟ್ಟಿತು. ನೆಗಡಿ ಎಂದುಕೊಂಡೆವು. ಆಮೇಲೆ ಮೇಲಿನ ದವಡೆಯ ಹಲ್ಲು ಅಲುಗಾಡಿತು, ಕೀಳಿಸಿದೆವು. ಕಿತ್ತ ಗಾಯ ಮಾಯಲೇ ಇಲ್ಲ. ಕೆನ್ನೆ ಊದಿ, ಕಣ್ಣಿನಲ್ಲಿ ಸದಾ ನೀರು ಸುರಿಯತೊಡಗಿದಾಗ ದೊಡ್ಡ ಆಸ್ಪತ್ರೆಗೆ ಹೋದೆವು. ಮೂಗಿನ ಪಕ್ಕದ ಎಲುಬಿನ ಟೊಳ್ಳಿನಲ್ಲಿ ಗಡ್ಡೆ. ಕಣ್ಣಿನ ಬುಡಕ್ಕೆ ಮುಟ್ಟಿದೆ, ಕೊಯ್ದು ತೆಗೆಯುವ ಹಾಗಿಲ್ಲ ಎಂದರು. ಮಳೆಗಾಲಕ್ಕೆ ಮುಂಚಿನ ಆ ಚಳಿಗಾಲ ಹುಬ್ಬಳ್ಳಿಗೆ ಹೋಗಿ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದರು ಮಾವ. ಯುಗಾದಿಗೆ ಇಳಿದಿದ್ದ ಬಾವು ಮೇ ತಿಂಗಳಿಗೆ ಮತ್ತೆ ಏರಿತು. ಅದರ ಜೊತೆಗೆ ವಾಸನೆ ಬಂತು.

ಹೂದಾನಿಯಲ್ಲಿ ಕೊಳೆತ ನೀರಿನಂಥ ವಾಸನೆ. ಮಾವ ಮಗ್ಗುಲಾದರೆ ಸಾಕು, ಮನೆ ತುಂಬಿಬಿಡುತ್ತಿತ್ತು. ಮರ ನುಣುಪಾಗಿಸಲು ರಂದೆ ಹಿಡಿದಾಗ ಎದ್ದ ಸಿಪ್ಪೆಯನ್ನು ಮೂಸಿ ಇದು ಹಲಸು, ಇದು ಮತ್ತಿ ಎಂದು ಹೇಳುತ್ತಿದ್ದ ಮನುಷ್ಯನಿಗೆ ಈಗ ಮೂಗೇ ಇಲ್ಲ. ತನ್ನ ವಾಸನೆ ತನಗೆ ತಿಳಿಯದು. ಅದೊಂದು ಪುಣ್ಯ ಎಂದು ನಾವು ತಿಳಿದೆವು. ಅತ್ತೆ ಬೆಳಿಗ್ಗೆ, ಸಂಜೆ ಲೋಬಾನ ಹಾಕಲು ಶುರುಮಾಡಿದರು. ಪಕ್ಕದ ಮನೆಯ ರೇಣುಕಾ, ಬಾಗಲಕೋಟೆ ಕಡೆಯವಳು, "ನಿಮ್ಮತ್ತಿ ಭಾಳ ಭಕ್ತಿಯಾಕಿ ಬಿಡ್ರಿ, ಮನಿ ಗುಡಿ ಆದ್ಹಾಂಗ ಆಗೇತಿ" ಎನ್ನುತ್ತಿದ್ದಳು. ನಾನು ಹೌದ್ರಿ ಎನ್ನುತ್ತಿದ್ದೆ. ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆ ಬಾಗಿಲಲ್ಲಿ ನಿಂತು, ಲೋಬಾನದ ಅಡಿಯಲ್ಲಿ ಅದು ಇವತ್ತು ಎಷ್ಟಿದೆ ಎಂದು ಮೂಸಿ ನೋಡುವುದು ನನಗೆ ರೂಢಿಯಾಯಿತು. ನನಗೆ ಆಗ ಸದಾ ಭಯ. ಆಫೀಸಿನಲ್ಲಿ ಫೋನು ಬಂದರೆ ಭಯ, ಬರದಿದ್ದರೆ ಇನ್ನೂ ಭಯ.

ಜೂನ್ ಮೊದಲ ವಾರ, ಮಳೆ ಹಿಡಿದ ದಿನವೇ, ಆಸ್ಪತ್ರೆಯ ಡಾಕ್ಟರು ಹೊಸ ಔಷಧಿ ಹೇಳಿದರು. ಕಾರವಾರದ ಹೆಣ್ಣುಮಗಳು ಆಕೆ, ಕನ್ನಡದವರು ಸಿಕ್ಕರೆ ಕನ್ನಡದಲ್ಲಿಯೇ ಮಾತಾಡುತ್ತಿದ್ದರು. ಮಾವ, ಅತ್ತೆ ಹೊರಗೆ ಬೆಂಚಿನ ಮೇಲಿದ್ದರು, ಒಳಗೆ ನಾನು, ನಮ್ಮವರು.

"ದೊಡ್ಡ ಕಿಮೋ ಇವರ ಎದೆ ತಡೆಯುವುದಿಲ್ಲ" ಎಂದರು. "ಗುಳಿಗೆಯಲ್ಲಿ ಸಣ್ಣ ಪ್ರಮಾಣದಲ್ಲಿ ಕೊಡುವ. ವಾರಕ್ಕೊಮ್ಮೆ ಇದು, ದಿನಾ ನೋವಿನ ಗುಳಿಗೆ. ಆದರೆ ಇದು ಗುಣ ಮಾಡುವ ಔಷಧಿ ಅಲ್ಲ. ಗಡ್ಡೆಯನ್ನು ಸ್ವಲ್ಪ ಕಾಲ ಹಿಡಿದಿಡಬಹುದು, ನೋವು ಇಳಿಸಬಹುದು. ಎಷ್ಟು ಕಾಲ ಅಂತ ನನಗೆ ಹೇಳಲಿಕ್ಕೆ ಆಗುವುದಿಲ್ಲ."

ನಮ್ಮವರು ತಲೆ ಬಗ್ಗಿಸಿಯೇ ಅಂದರು: "ಅಪ್ಪಗ ಇದನ್ನ ಹೇಳಬ್ಯಾಡ್ರಿ ಮೇಡಂ."

"ನಾನಾಗಿ ಹೇಳುವುದಿಲ್ಲ. ಅವರಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ವಾರಕ್ಕೊಮ್ಮೆಯ ಈ ಗುಳಿಗೆಯನ್ನು ತಪ್ಪಿ ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಬರುತ್ತದೆ, ಹಾಗೆ ಆದದ್ದುಂಟು, ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ ಎಂದರು. ಮರುದಿನವೇ ಶುರುಮಾಡಿ ಎಂದರು. ಮರುದಿನ ಮಂಗಳವಾರ.

ಗುಳಿಗೆಯನ್ನು ಅಂಗೈಯಲ್ಲಿ ಹಾಕಿಕೊಂಡು ಮಾವ ನಕ್ಕರು. ಸಾಸಿವೆಗಿಂತ ತುಸು ದೊಡ್ಡವು, ಹಳದಿ ಬಣ್ಣ. "ಇಷ್ಟ ಸಣ್ಣವು? ಅಂದ್ರ ಬ್ಯಾನಿನೂ ಸಣ್ಣದು ಆಗೇತಿ ಅನ್ನು. ಕರೆಂಟ್ ಕೊಟ್ಟಾಗ ನೋಡ್ಬೇಕಿತ್ತು ಶೈಲವ್ವಾ, ಮೂಗಿಗಿಂತ ಮೂಗುತಿ ಭಾರ ಆಗಿತ್ತು" ಎಂದರು. ನಾನು ನಗಬೇಕಾಗಿತ್ತು. ನಕ್ಕೆ.

ಮಂಗಳವಾರ ಎಂದು ಕೇಳಿದ್ದೇ ಅತ್ತೆಯ ಮುಖ ಅರಳಿತು. ಮಂಗಳವಾರ ಕಾಳವ್ವನ ವಾರ. ಬಡಿಗೇರ ಮನೆಯವರಿಗೆ ಕಾಳವ್ವನೇ ತಾಯಿ. ನಮ್ಮ ಕಡೆ ದೇವರ ಹೆಸರಿನಲ್ಲಿ ವಾರ ಹಿಡಿಯುವುದೆಂದರೆ ಸಣ್ಣ ಮಾತಲ್ಲ. ಅವತ್ತು ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು, ಸಂಜೆ ದೀಪ ಹಚ್ಚುವ ತನಕ ಅನ್ನ, ರೊಟ್ಟಿ ಮುಟ್ಟಬಾರದು. ಹಿಡಿದ ಮೇಲೆ ನಡುವೆ ಬಿಡುವಂತಿಲ್ಲ. ಬಿಟ್ಟರೆ ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಯಾರದಾದರೂ ಒಬ್ಬರ ಕಥೆ ಗೊತ್ತಿರುತ್ತದೆ. ಅತ್ತೆ ಅವತ್ತೇ ಸಂಕಲ್ಪ ಮಾಡಿದರು. ಮಾವನಿಗೂ ಹಿಡಿಸಿದರು, ತಾವೂ ಹಿಡಿದರು. ಗುಳಿಗೆಯ ಪಟ್ಟಿಗೆ ಕುಂಕುಮ ಹಚ್ಚಿ ದೇವರ ಜಗುಲಿಯ ಮೇಲೆ ಕಾಳವ್ವನ ಫೋಟೋದ ಮುಂದಿಟ್ಟು, ಕಾಯಿ ಒಡೆದು, ಆಮೇಲೆ ಮಾವನ ಕೈಗೆ ಕೊಟ್ಟರು. ಮಾವ ಕಣ್ಣಿಗೊತ್ತಿಕೊಂಡು ನುಂಗಿದರು, ತೀರ್ಥ ತೆಗೆದುಕೊಂಡ ಹಾಗೆ.

ಖಾಲಿ ಹೊಟ್ಟೆಯಲ್ಲಿ ಬೇಡ ಎಂದು ನಾನು ಜಗಳಾಡಿದೆ. ಉಪವಾಸಕ್ಕೆ ಹಾಲು, ಬಾಳೆಹಣ್ಣು ನಡೆಯುತ್ತವೆ ಎಂದು ಒಪ್ಪಂದವಾಯಿತು. ಒಳಗೊಳಗೆ ನನಗೆ ಸಮಾಧಾನವೇ ಆಗಿತ್ತು. ದೇವರ ವಾರವೆಂದ ಮೇಲೆ ಬುಧವಾರ ತೆಗೆದುಕೊಳ್ಳುವ ಭಯವಿಲ್ಲ, ಮರೆಯುವ ಭಯವಿಲ್ಲ. ಡಾಕ್ಟರು ಹೆದರಿಸಿದ ತಪ್ಪು ನಮ್ಮ ಮನೆಯಲ್ಲಿ ಆಗುವಂತಿರಲಿಲ್ಲ. ಇನ್ನೊಂದು ತಪ್ಪಿಗೆ ದಾರಿಯಿದೆ ಎಂದು ಯಾರಿಗೆ ಗೊತ್ತಿತ್ತು? ಮಳೆಗಾಲದಲ್ಲಿ ಅಂಗಡಿಗೆ ಮಾಲು ಬರುವುದು ತಡವಾಗುತ್ತದೆಂದು ನಾನು ಒಂದು ಪಟ್ಟಿ ಹೆಚ್ಚಿಗೆ ತಂದಿದ್ದೆ. ಅತ್ತೆ ಅದನ್ನು ಕೇಳಿದರು. "ಇದು ಅವ್ವನ ಮೀಸಲಾ ಇರಲಿ ಶೈಲಾ. ಹೊಸ ಜೋಳ ಬಂದ್ರ ಮೊದಲ ಅಕಿಗೆ ತಗದ ಇಡೂದಿಲ್ಲೇನ, ಹಂಗ" ಎಂದರು. ಔಷಧಿಯನ್ನೂ ಮೀಸಲು ಇಡುವ ಮನೆ ಇಡೀ ಗೋವೆಯಲ್ಲಿ ನಮ್ಮದೊಂದೇ ಇರಬೇಕು ಎಂದು ಚೇಷ್ಟೆ ಮಾಡುತ್ತಲೇ ಕೊಟ್ಟೆ.

ಜುಲೈ ಬಂತು. ಗೋವೆಯ ಜುಲೈ ಕಂಡವರಿಗೆ ಹೇಳಬೇಕಿಲ್ಲ. ಗೋಡೆಯ ಸುಣ್ಣ ಉಬ್ಬಿ ಬೀಳುತ್ತದೆ, ಉಪ್ಪು ನೀರಾಗುತ್ತದೆ, ಒಗೆದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಬೇಕು. ಬೆಳಿಗ್ಗೆ ಪಾವ್ ಮಾರುವವನು ಸೈಕಲ್ಲಿನ ಹಾರ್ನ್ ಒತ್ತುತ್ತ ಬರುವುದೊಂದೇ ಹೊತ್ತು ಗೊತ್ತಾಗುವ ಗುರುತು. ಅಂಥ ಒಂದು ಸಂಜೆ ನಾನು ಕೊಡೆ ಮಡಚುತ್ತ ಬಾಗಿಲಲ್ಲಿ ನಿಂತು ಮೂಸಿದೆ. ಬರೀ ಲೋಬಾನ. ಮತ್ತೆ ಮೂಸಿದೆ. ಒಳಗೆ ಹೋಗಿ ಮಾವನ ಹತ್ತಿರ ಹಾಸಿಗೆಯ ಚಾದರ ಸರಿಮಾಡುವ ನೆಪದಲ್ಲಿ ಬಗ್ಗಿದೆ. ಇಲ್ಲ. ಇದ್ದರೂ ತೀರ ಕಡಿಮೆ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆಗೆ ಕಾಣದ ಹಾಗೆ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು, ಆದರೆ ಅದರೊಳಗೂ ಇದೆಷ್ಟು ದಿನ ಎಂಬ ಹುಳ ಕೊರೆಯುತ್ತಲೇ ಇತ್ತು.

ಕಣ್ಣಿನ ನೀರು ನಿಂತಿತು. ಮಾವ ಮಲಗಿದರೆ ಬೆಳಗಿನ ತನಕ ನಿದ್ದೆ ಮಾಡುತ್ತಿದ್ದರು. ಹಾಲಿನಲ್ಲಿ ನೆನೆಸಿದ ಪಾವ್ ಬಿಟ್ಟು ಮೆತ್ತಗಿನ ಅನ್ನ, ಸಾರಿಗೆ ಬಂದರು. ಆಮೇಲೆ ಒಂದು ದಿನ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೊಡೆ ಹಿಡಿದು ಶೆಡ್ಡಿಗೇ ಹೊರಟುಬಿಟ್ಟರು. ಯಂತ್ರದಿಂದ ದೂರ, ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕುಳಿತು ಅಲ್ಲಿನವರ ಜೋಡಣೆಯಲ್ಲಿ ತಪ್ಪು ಹುಡುಕುವುದು ಅವರ ಕೆಲಸ. "ಮಿಸ್ತ್ರಿ ಬಂದ್ರು ಅಂದ್ರ ನಮಗ ಶನಿ ಬಂದ್ಹಾಂಗ" ಎಂದು ಅಲ್ಲಿಯವರು ನಗುತ್ತಿದ್ದರಂತೆ. ಅದನ್ನು ಮಾವ ಬಂದು ಹೆಮ್ಮೆಯಿಂದ ಹೇಳುವುದು.

ಓಣಿಯಲ್ಲಿ ಸುದ್ದಿ ಹಬ್ಬಿತು. ಔಷಧಿಯ ಹೆಸರು ಯಾರೂ ಎತ್ತಲಿಲ್ಲ. "ಕಾಳವ್ವ ಕಣ್ಣ ತಗದಾಳ" ಎಂದು ಮಂಗಳವಾರ ಸಂಜೆ ಹೆಂಗಸರು ನಮ್ಮ ಮನೆಗೆ ಕಾಯಿ, ಎಣ್ಣೆ ಹಿಡಿದು ಬರತೊಡಗಿದರು. ರೇಣುಕಾ ತನ್ನ ಗಂಡನ ಕುಡಿತ ಬಿಡಿಸಲು ತಾನೂ ವಾರ ಹಿಡಿದಳು. ಅತ್ತೆ ಒಂದು ಥರ ಗುಡಿಯ ಪೂಜಾರಿಣಿಯೇ ಆದರು. ನಾನು ನಮ್ಮವರಿಗೆ ಹೇಳಿದೆ, ಇದು ಗುಳಿಗೆಯಿಂದ ಆದದ್ದು ಎಂದು ಅವರಿಗೆ ತಿಳಿಸಿ ಹೇಳಿ. "ಇರಲಿ ಬಿಡು. ಅವ್ವಗ ಇಷ್ಟರ ಧೈರ್ಯ ಇರಲಿ" ಎಂದರು. ಅವರದೂ ತಪ್ಪಲ್ಲ. ಆ ಮನೆಯಲ್ಲಿ ನೆಮ್ಮದಿಯಿಂದ ಉಸಿರಾಡುತ್ತಿದ್ದವರು ಆಕೆ ಒಬ್ಬರೇ.

ಶ್ರಾವಣ ಹಿಡಿಯಿತು. ಮಾವನ ಬಾಯಲ್ಲಿ ಗುಳ್ಳೆ ಎದ್ದವು. "ಕಾವ ಆಗೇತಿ, ಉಪವಾಸ ಅಲ್ಲೇನ" ಎಂದು ಅತ್ತೆ ಜೀರಿಗೆ, ಕಲ್ಲುಸಕ್ಕರೆ ನೆನೆಹಾಕಿ ಕೊಟ್ಟರು, ನೆತ್ತಿಗೆ ಔಡಲ ಎಣ್ಣೆ ತಟ್ಟಿದರು. ನನಗೆ ತಡೆಯಲಿಲ್ಲ, ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ನಾಲಿಗೆ ನೋಡಿ, ರಕ್ತದ ಪರೀಕ್ಷೆ ಮಾಡಿಸಿ, ಮುಖ ಸಣ್ಣದು ಮಾಡಿದರು. ರಕ್ತದಲ್ಲಿನ ಬಿಳಿ ಕಣಗಳು ಕುಸಿದಿವೆ, ವಾರದ ಗುಳಿಗೆ ನಾನು ಹೇಳುವ ತನಕ ಒಂದೂ ಬೇಡ, ರಕ್ತ ಸುಧಾರಿಸಿದ ಮೇಲೆ ಮತ್ತೆ ನೋಡುವ ಎಂದರು. ಮಾವ ತಲೆಯಾಡಿಸಿದರು.

ಮನೆಗೆ ಬಂದು ಹೇಳಿದಾಗ ಅತ್ತೆಯ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು.

"ಬಿಡೂದಂದ್ರ? ನಡುವ ಹೆಂಗ ಬಿಡಾಕ ಬರ್ತತಿ? ಹಿಡದ ವಾರ ಅದು!"

"ಅತ್ತೀ, ಉಪವಾಸ ಮಾಡ್ರಿ, ಪೂಜಾ ಮಾಡ್ರಿ. ಗುಳಿಗಿ ಅಷ್ಟ ಬ್ಯಾಡ. ಡಾಕ್ಟರ್ ಹೇಳ್ಯಾರ."

"ಗುಳಿಗಿಲೇನ ಸಂಕಲ್ಪ ಮಾಡೇವಿ ಯವ್ವಾ. ಅದನ್ನ ಬಿಟ್ಟ ಬರೇ ಕಾಯಿ ಒಡದ್ರ ಅಕಿ ಒಪ್ಪತಾಳೇನ?"

ನಾನು ಡಬ್ಬಿಯಲ್ಲಿದ್ದ ಗುಳಿಗೆ ಪಟ್ಟಿಗಳನ್ನೆಲ್ಲ ಎತ್ತಿ ನನ್ನ ಪರ್ಸಿನಲ್ಲಿ ಹಾಕಿಕೊಂಡು ಆಫೀಸಿಗೆ ಒಯ್ಯತೊಡಗಿದೆ. ಜಗುಲಿಯ ಮೇಲಿನ ಮೀಸಲು ನನ್ನ ನೆನಪಿಗೇ ಬರಲಿಲ್ಲ. ದೇವರಿಗೆಂದು ಇಟ್ಟದ್ದನ್ನು ನಾನು ಔಷಧಿ ಎಂದು ಎಣಿಸುವುದನ್ನೇ ಬಿಟ್ಟಿದ್ದೆ. ಅತ್ತೆ ಬಿಟ್ಟಿರಲಿಲ್ಲ.

ಮಂಗಳವಾರ ಬಂತು, ಹೋಯಿತು. ಮನೆ ಶಾಂತವಾಗಿತ್ತು. ಅತ್ತೆ ಮರುಮಾತಾಡದ್ದು ಕಂಡು ಒಪ್ಪಿದ್ದಾರೆ ಎಂದುಕೊಂಡೆ. ಇನ್ನೊಂದು ಮಂಗಳವಾರವೂ ಹೋಯಿತು. ಗುಳ್ಳೆ ಮಾತ್ರ ಇಳಿಯಲಿಲ್ಲ. ತುಟಿಯ ಒಳಗೆಲ್ಲ ಬಿಳಿಯಾಗಿ ಸುಲಿಯಿತು, ನೀರು ನುಂಗಿದರೆ ಮಾವನ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಜ್ವರ ಬಂತು. ಗುಳಿಗೆ ಬಿಟ್ಟ ಮೇಲೂ ಯಾಕೆ ಹೀಗೆ, ಇದು ರೋಗವೇ ಬಾಯಿಗೆ ಇಳಿಯಿತೇ ಎಂದು ನನ್ನ ಎದೆ ಹಾರುತ್ತಿತ್ತು. ಅವತ್ತು ಸಂಜೆ ಅತ್ತೆ ಮಾವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಿದ್ದರು. ದೀಪ ಹಚ್ಚಲು ನಾನು ಜಗುಲಿಯ ಹತ್ತಿರ ಹೋದೆ. ಬತ್ತಿ ಹುಡುಕಲು ಕಾಳವ್ವನ ಫೋಟೋ ಸರಿಸಿದೆ. ಹಿಂದೆ ಕುಂಕುಮ ಮೆತ್ತಿದ ಗುಳಿಗೆ ಪಟ್ಟಿ ಇತ್ತು. ಖಾಲಿ.

ಅದನ್ನು ತಂದು ಅತ್ತೆಯ ಮುಂದೆ ಹಿಡಿದೆ.

"ಅವ್ವನ ಮೀಸಲಾ ಅದು" ಎಂದರು ಅತ್ತೆ. "ನೀ ಒಯ್ದದ್ದು ಔಷಧಿ. ಇದು ಪ್ರಸಾದ. ಪ್ರಸಾದ ಕೊಟ್ಟೇನಿ."

"ಎರಡೂ ವಾರ ಕೊಟ್ಟೀರೇನ್ರಿ?"

"ಹಿಡದ ವಾರ ಬಿಟ್ರ ಯಾರ ಕಾಯಬೇಕು ಇವರನ? ನೀ ಕಾಯ್ತೀಯೇನ? ಡಾಕ್ಟರ್ ಕಾಯ್ತಾಳೇನ?"

ನಾನು ಕಿರುಚಾಡಿದೆ. ಏನೇನು ಅಂದೆನೋ ನೆನಪಿಲ್ಲ, ಅಂದದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಮಾವ ನನ್ನ ಕಣ್ಣ ಮುಂದೆ ಸಾಯುತ್ತಾರೆ ಎಂಬ ಭಯ ಕಿರುಚಿದ್ದು ಅದು. ಮಾವ ಹಾಸಿಗೆಯಿಂದಲೇ ಕೈ ಎತ್ತಿ, "ಅಕಿಗೆ ಬೈಬ್ಯಾಡ. ನಾನ ಬಾಯಿ ತೆರದೇನಿ" ಎಂದರು. ಆ ಮಾತಿಗೂ ಅವರ ತುಟಿಯಿಂದ ರಕ್ತ ಜಿನುಗಿತು.

ರಿಕ್ಷಾ ಮಾಡಿಕೊಂಡು ಸುರಿಯುವ ಮಳೆಯಲ್ಲಿ ಆಸ್ಪತ್ರೆಗೆ ಹೋದೆವು. ವಾಸ್ಕೋದಿಂದ ನಮ್ಮವರು ನೇರ ಅಲ್ಲಿಗೇ ಬಂದರು. ಗುಳಿಗೆಯ ವಿಷ ಇಳಿಸುವ ಇಂಜೆಕ್ಷನ್ನು, ಸಲಾಯಿನ್ನು, ಬೇರೆ ರೋಗಿಗಳಿಂದ ದೂರ ಒಂದು ಮೂಲೆಯ ಮಂಚ. ಈ ಜ್ವರ ಇಳಿದರೆ ಉಳಿಯುತ್ತಾರೆ, ಇಳಿಯದಿದ್ದರೆ ನನ್ನ ಕೈಯಲ್ಲಿ ಇಲ್ಲ ಎಂದರು ಡಾಕ್ಟರು. ಅತ್ತೆ ಹೊರಗಿನ ಬೆಂಚಿನಲ್ಲಿ ಕುಳಿತಲ್ಲಿಂದ ಏಳಲಿಲ್ಲ. ಮಗ ಅವರ ಜೊತೆ ಮಾತೇ ಆಡಲಿಲ್ಲ. ಆಕೆಯ ತುಟಿಗಳು ಅಲುಗುತ್ತಿದ್ದವು. ಕೊಟ್ಟದ್ದಕ್ಕೆ ಹೀಗಾಯಿತೇ, ಕೊಡದಿದ್ದರೆ ಇನ್ನೂ ಕೆಟ್ಟದ್ದಾಗುತ್ತಿತ್ತೇ ಎಂದು ಆಕೆಗೆ ತಿಳಿಯುತ್ತಿರಲಿಲ್ಲ. ಎರಡೂ ಕಡೆಯಿಂದ ತಾನೇ ತಪ್ಪಿತಸ್ಥೆ ಎಂದು ನಿಶ್ಚಯ ಮಾಡಿಕೊಂಡಿದ್ದರು.

ನಾನು ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಆಕೆ, "ನನ್ನ ಅಮ್ಮ ಶನಿವಾರ ಹಿಡಿದಿದ್ದಾರೆ, ನಾನು ಡಾಕ್ಟರ್ ಆಗಲಿ ಅಂತ. ಆದ ಮೇಲೂ ಬಿಟ್ಟಿಲ್ಲ" ಎಂದರು. ಹೊರಗೆ ಹೋಗಿ ಅತ್ತೆಯ ಪಕ್ಕ ಕುಳಿತು ಏನೋ ಹೇಳಿದರು. ಏನೆಂದು ನಾನು ಇವತ್ತಿಗೂ ಕೇಳಿಲ್ಲ. ಅತ್ತೆ ಅವತ್ತು ಮೊದಲ ಸಲ ಚಹಾ ಕುಡಿದರು.

ಜ್ವರ ಇಳಿಯಿತು. ಬಾಯಿ ಮಾಯಿತು. ಚೌತಿಯ ಹೊತ್ತಿಗೆ ಮಾವ ಮನೆಗೆ ಬಂದರು. ಓಣಿಯಲ್ಲಿ ಪಟಾಕಿಯ ಸದ್ದು, ಮನೆಯೊಳಗೆ ನಾವು ಉಸಿರು ಬಿಗಿಹಿಡಿದು. ರಕ್ತ ಸುಧಾರಿಸಿದರೆ ಇನ್ನೂ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರುಮಾಡುವ ಎಂದಿದ್ದರು ಡಾಕ್ಟರು. ನಾನು ಆ ಒಂದು ಮಾತಿಗೆ ಜೋತುಬಿದ್ದಿದ್ದೆ. ಆದರೆ ಒಂದು ಸಂಜೆ ಬಾಗಿಲಲ್ಲಿ ನಿಂತಾಗ ಲೋಬಾನದ ಕೆಳಗೆ ಅದು ಮತ್ತೆ ಇತ್ತು. ಮರುದಿನ ಜಾಸ್ತಿ ಇತ್ತು. ಕೆನ್ನೆ ಏರಿತು, ಕಣ್ಣು ಮುಂದಕ್ಕೆ ಬಂತು. ಡಾಕ್ಟರು ನೋಡಿ, ಮಾವನ ಎದುರೇ ಹೇಳಿದರು: "ಇನ್ನು ವಾರದ ಗುಳಿಗೆ ಬೇಡ ಅಜ್ಜಾ. ನೋವಿಗೆ ಬೇರೆ ಕೊಡುತ್ತೇನೆ. ನೋವು ಇರಬಾರದು, ಅಷ್ಟು ನಾನು ನೋಡಿಕೊಳ್ಳುತ್ತೇನೆ."

ಈಗ ಕೇಳುತ್ತಾರೆ, ಯಾಕೆ ಎಂದು ಈಗ ಕೇಳೇ ಕೇಳುತ್ತಾರೆ ಎಂದು ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಮಾವ ಕೇಳಲಿಲ್ಲ. ಕೈ ಮುಗಿದು, "ಭಾಳ ಉಪಕಾರ ಆತ್ರಿ ತಾಯೀ" ಎಂದರು.

ಹಳೇ ಗೋವೆಯ ಬಸ್‌ಸ್ಟಾಪಿನಲ್ಲಿ ಇಳಿದು ಕೊರ್ಲಿಮ್ ಬಸ್ಸಿಗೆ ಕಾಯುತ್ತ ತಗಡಿನ ಕೆಳಗೆ ನಾನು, ಮಾವ ನಿಂತಿದ್ದೆವು. ಮಳೆಯ ಸದ್ದಿಗೆ ಅಲ್ಲಿ ಬೇರೆ ಯಾರಿಗೂ ನಮ್ಮ ಮಾತು ಕೇಳುವಂತಿರಲಿಲ್ಲ. ಮಾವನ ಮಾತು ಆಗ ಮೂಗಿನಲ್ಲಿ ಸಿಕ್ಕಿ ಅರ್ಧ ಬರುತ್ತಿತ್ತು, ನನಗೆ ಮಾತ್ರ ರೂಢಿಯಾಗಿತ್ತು.

"ಗುಳಿಗಿ ಸೋತವು, ಹೌದಿಲ್ಲೋ?"

"ಹಂಗೇನ ಇಲ್ರಿ ಮಾವಾರ. ರಕ್ತ ಸ್ವಲ್ಪ—"

"ಶೈಲವ್ವಾ, ನನ್ನ ಮೂಗ ಹೋಗೇತಿ ಖರೇ. ನಿಮ್ಮ ಮೂಗ ನನಗ ಕಾಣತಾವಲ್ಲ. ನೀ ಬಾಗಲದಾಗ ನಿಂತು ಉಸಿರ ಎಳಕೊಳ್ಳೂದು ದಿನಾ ನೋಡಾಕತ್ತೇನಿ. ಆಷಾಢದಾಗ ನಿನ್ನ ಮಾರಿ ಬ್ಯಾರೇನ ಇತ್ತು. ಈಗ ಬ್ಯಾರೇನ ಐತಿ."

ನಾನು ರಸ್ತೆಯ ಕಡೆ ನೋಡುತ್ತ ನಿಂತೆ. ನಾಲ್ಕು ತಿಂಗಳು ನಾವು ಕಷ್ಟಪಟ್ಟು ಕಟ್ಟಿದ ಗೋಡೆಯ ಒಳಗೇ ಅವರು ಇದ್ದರು, ನಮ್ಮನ್ನು ನೋಡುತ್ತ. ಅವಮಾನವೂ ಆಯಿತು, ಎದೆಯ ಮೇಲಿನ ಭಾರ ಇಳಿದ ಹಾಗೂ ಆಯಿತು.

"ನನ್ನದು ಬಿಡು" ಎಂದರು ಮಾವ. "ನಿಮ್ಮತ್ತೀದ ಹೇಳು. ಗುಳಿಗಿ ಇನ್ನ ಇಲ್ಲ ಅಂದ್ರ ವಾರ ನಡುವ ಬಿಟ್ಹಾಂಗ ಆತು. ನಾಳೆ ನಾ ಹೋದ್ರ, ವಾರ ಬಿಟ್ಟಿದ್ದಕ್ಕ ಹೋದ್ರು ಅಂತ ಸಾಯೂ ಮಟಾ ಹಲುಬತಾಳ. ಹಂಗ ಆಗಬಾರದು. ಬರೂ ಮಂಗಳಾರ ಉದ್ಯಾಪನಿ ಮಾಡೂಣು. ಮುತ್ತೈದೇರನ ಕರದು ಉಡಿ ತುಂಬಿ ಉಣಿಸಿದ್ರ ಮುಗೀತು. ಬಿಟ್ಟಿದ್ದು ಬ್ಯಾರೆ, ಮುಗಿಸಿದ್ದು ಬ್ಯಾರೆ."

ಅತ್ತೆ ಸುಲಭಕ್ಕೆ ಒಪ್ಪಲಿಲ್ಲ. ಉದ್ಯಾಪನೆ ಮಾಡುವುದು ಬೇಡಿಕೊಂಡದ್ದು ಕೈಗೂಡಿದ ಮೇಲೆ. "ಗುಣಾ ಆದಮ್ಯಾಲೆ ಮಾಡೂದದು. ಈಗ್ಯಾಕ?" ಎಂದು ಮಾವನ ಮುಖ ನೋಡದೆ ಕೇಳಿದರು.

"ಆಗೂವಷ್ಟ ಆತು. ಆಷಾಢ ಪೂರಾ ನಿದ್ದಿ ಕೊಟ್ಲು. ಶೆಡ್ಡಿಗೆ ಹೋಗಿ ಬಂದ್ನಿ. ಕೊಟ್ಟಷ್ಟಕ್ಕ ಅಕಿಗೆ ಉಣಸೂಣು. ಪೂರಾ ಕೊಡಲಿ ಆಮ್ಯಾಲೆ ಉಣಸ್ತೀನಿ ಅಂತ ಹಟಾ ಹಿಡದ್ರ ದೇವರ ಕೂಡ ಯಾಪಾರ ಮಾಡಿದ್ಹಾಂಗ ಆತು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಕಡಲೆಬೇಳೆ ಆರಿಸಲು ಕುಳಿತರು. ನಮ್ಮವರು ತಾಯಿಯ ಮುಂದೆ ಮೊರ ಎಳೆದುಕೊಂಡು ತಾವೂ ಆರಿಸತೊಡಗಿದರು. ಆಸ್ಪತ್ರೆಯಿಂದ ಬಂದ ಮೇಲೆ ತಾಯಿ ಮಗ ಮಾತಾಡಿದ್ದು ಅವತ್ತೇ.

ಐದು ಮಂದಿ ಮುತ್ತೈದೆಯರು ಬೇಕು. ಓಣಿಯ ಐವರಿಗೆ ಹೇಳಿದ್ದೆವು. ಮಂಗಳವಾರ ಮಧ್ಯಾಹ್ನ ಹೋಳಿಗೆಯ ವಾಸನೆ ಮನೆ ತುಂಬಿತ್ತು. ರೇಣುಕಾ ಮತ್ತು ಇನ್ನೂ ಮೂವರು ಬಂದು ಸಾಲಾಗಿ ಕುಳಿತರು. ಐದನೆಯವಳು ಬರಲಿಲ್ಲ. ತಾಯಿಗೆ ಆರಾಮಿಲ್ಲವೆಂದು ಬೆಳಿಗ್ಗೆಯೇ ಊರಿಗೆ ಹೋದಳಂತೆ. ಎಲೆ ಹಾಕಿಯಾಗಿತ್ತು, ಒಂದು ಎಲೆ ಖಾಲಿ. ಅತ್ತೆ ಅಪಶಕುನವಾದವರಂತೆ ನಿಂತುಬಿಟ್ಟರು.

"ನಾ ಕೂಡ್ತೇನ್ರಿ" ಎಂದು ನಾನು ಸೆರಗು ಸಿಗಿಸಿದೆ.

"ನೀ ಬಡಸು" ಎಂದರು ಮಾವ. ಗೋಡೆಗೆ ಒರಗಿ, ಊದಿದ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದರು. ಅತ್ತೆಯ ಕಡೆ ತಿರುಗಿ ಅಂದರು: "ನೀಲವ್ವಾ, ನೀನೂ ಮುತ್ತೈದಿ ಅದೀಯಲ್ಲ. ಕೂಡು."

ವಾರ ಹಿಡಿದಾಕೆ ಪಂಕ್ತಿಯಲ್ಲಿ ಕೂಡುವ ಪದ್ಧತಿ ನಮ್ಮಲ್ಲಿಲ್ಲ. ಯಾರಾದರೂ ಅದನ್ನು ಹೇಳುತ್ತಾರೆ ಎಂದು ನಾನು ಕಾದೆ. ಯಾರೂ ಹೇಳಲಿಲ್ಲ. ಅತ್ತೆ ಮೊದಲು ಅರ್ಥವಾಗದೆ ನೋಡಿದರು, ಆಮೇಲೆ ಅರ್ಥವಾಗಿ ನೋಡಿದರು. ಕೈಯಲ್ಲಿದ್ದ ಬುಟ್ಟಿ ನನಗೆ ಕೊಟ್ಟು, ಐದನೆಯ ಎಲೆಯ ಮುಂದೆ ಕುಳಿತರು. ನಾನು ಐವರಿಗೂ ಅರಿಶಿನ, ಕುಂಕುಮ ಹಚ್ಚಿ, ಬಳೆ, ಕುಪ್ಪಸದ ಕಣ, ಅಕ್ಕಿ, ಕಾಯಿ ಹಾಕಿ ಉಡಿ ತುಂಬಿದೆ. ಅತ್ತೆಯ ಉಡಿಗೆ ಅಕ್ಕಿ ಒಂದು ಹಿಡಿ ಹೆಚ್ಚಿಗೆಯೇ ಹಾಕಿದೆ. ಆಕೆ ಸೆರಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು, ಒಂದು ಕಾಳೂ ಕೆಳಗೆ ಬೀಳಲಿಲ್ಲ.

ಮಾವ ಗೋಡೆ ಹಿಡಿದು ಎದ್ದು, ತುಪ್ಪದ ಗಿಂಡಿ ತೆಗೆದುಕೊಂಡು, ಅತ್ತೆಯ ಹೋಳಿಗೆಯ ಮೇಲೆ ಹಾಕಿದರು. ಗಂಡಸು ಬಡಿಸುವುದನ್ನು ಕಂಡು ರೇಣುಕಾ, "ಅತ್ತೀ, ಈ ವಯಸ್ಸಿನ್ಯಾಗ ಬಂತು ನೋಡ್ರಿ ನಿಮ್ಮ ಕಾಲ" ಎಂದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಕಣ್ಣಲ್ಲಿ ನೀರು ಇಟ್ಟುಕೊಂಡೇ. ಆಮೇಲೆ ಮಾವ ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿಸಿಕೊಂಡು ಮಂಗಳವಾರದ ಮಧ್ಯಾಹ್ನವೇ ಉಂಡರು. ಅರ್ಧ ಮೂಗಿನಿಂದ ಬಂತು. ಒರೆಸಿಕೊಂಡು ಮತ್ತೆ ಉಂಡರು.

ದೀಪಾವಳಿಗೆ ಮುಂಚೆ, ಒಂದು ಬೆಳಿಗ್ಗೆ ಮಾವ ಹೋದರು. ಡಾಕ್ಟರು ಹೇಳಿದ ಹಾಗೆ ನೋವು ಇರಲಿಲ್ಲ. ದಿನಕರ್ಮಕ್ಕೆ ಊರಿಂದ ಬಂದ ದೊಡ್ಡಮ್ಮನೊಬ್ಬಳು ಅತ್ತೆಯ ಪಕ್ಕ ಕುಳಿತು, ಅಳುತ್ತಳುತ್ತಲೇ ಅಂದುಬಿಟ್ಟಳು: "ಚಲೋ ಆಗಿದ್ನಂತಲ್ಲವ್ವಾ ಈರಣ್ಣ. ನಡುವ ವಾರ ಬಿಟ್ರಂತ. ಕಾಳವ್ವನ ವಾರ ಬಿಟ್ರ ಬಿಡ್ತಾಳೇನ ಅಕಿ?"

ನನ್ನ ಮೈ ಉರಿಯಿತು, ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ತಲೆ ಎತ್ತಿದರು. ಹಣೆ ಬೋಳು, ಕೈ ಬೋಳು. ಧ್ವನಿ ಮಾತ್ರ ನೆಟ್ಟಗಿತ್ತು.

"ನಾವ ಬಿಟ್ಟಿಲ್ಲವ್ವಾ. ಅವರ ಕೈಯಾರೆ ಮುಗಿಸಿ ಹೋಗ್ಯಾರ. ಐದ ಮಂದಿ ಮುತ್ತೈದೇರಿಗೆ ಉಡಿ ತುಂಬಿಸಿ, ಹೋಳಿಗಿ ಉಣಿಸಿ. ಅದರಾಗ ನಾನೂ ಒಬ್ಬಾಕಿ ಕುಂತಿದ್ನಿ."